ಬೆಟ್ಟಕ್ಕೆ ಹೆಸರಿಟ್ಟವರು

ಅಮೆರಿಕ ಸಂಯುಕ್ತ ಸಂಸ್ಥಾನದ ಪಶ್ಚಿಮ ಭಾಗದ ಭೂಪಟವನ್ನು ಬಿಡಿಸಿ ನೋಡಿದರೆ, ಭಾಷೆಯಲ್ಲಿ ಆಸಕ್ತಿಯುಳ್ಳವರಿಗೆ ಒಂದು ಸಂಗತಿ ಥಟ್ಟನೆ ಕಣ್ಣಿಗೆ ಬೀಳುತ್ತದೆ. ಅಲ್ಲಿನ ಬೆಟ್ಟ, ನದಿ, ಕಣಿವೆಗಳ ಹೆಸರುಗಳಲ್ಲಿ ಹಲವು ಇಂಗ್ಲಿಷ್ ಹೆಸರುಗಳಲ್ಲ, ಸ್ಪ್ಯಾನಿಷ್ ಹೆಸರುಗಳು. ಸಿಯೆರಾ ನೆವಾಡ ಎಂದರೆ ಹಿಮ ಕವಿದ ಬೆಟ್ಟಸಾಲು. ಕೊಲರಾಡೊ ಎಂದರೆ ಕೆಂಪಡರಿದ್ದು. ಅದು ಆ ನದಿಯ ನೀರಿನ ಬಣ್ಣ. ಲಾಸ್ ಏಂಜಲೀಸ್ ಎಂದರೆ ದೇವದೂತರು. ಆ ನಗರದ ಬೆನ್ನಿಗೆ ಗೋಡೆಯಂತೆ ನಿಂತಿರುವ ಪರ್ವತಶ್ರೇಣಿ ಸ್ಯಾನ್ ಗೇಬ್ರಿಯಲ್. ಅದರ ಅತ್ಯುನ್ನತ ಶಿಖರ, ೧೦,೦೬೪ ಅಡಿ ಎತ್ತರದ್ದು, ಸ್ಯಾನ್ ಆಂಟೋನಿಯೊ ಎಂಬ ಸಂತನ ಹೆಸರನ್ನು ಹೊತ್ತಿದೆ. ಆದರೆ ಇಂದು ಜನ ಅದನ್ನು ಬಾಲ್ಡಿ, ಅಂದರೆ ಬೋಳುಬೆಟ್ಟ, ಎಂದೇ ಇಂಗ್ಲಿಷಿನಲ್ಲಿ ಕರೆಯುವುದು ರೂಢಿ.

ಸ್ಪ್ಯಾನಿಷ್ ಹೆಸರುಗಳಿಗಿಂತ ಮೊದಲೂ ಈ ಬೆಟ್ಟಗಳಿಗೆ ಹೆಸರುಗಳಿದ್ದವು. ಟೋಂಗ್ವಾ ಮೊದಲಾದ ಮೂಲನಿವಾಸಿಗಳು ಅವನ್ನು ತಮ್ಮ ಮಾತಿನಲ್ಲಿ ಕರೆಯುತ್ತಿದ್ದರು. ಸ್ಪೇನಿನವರೂ ಹೊರಗಿನಿಂದ ಬಂದು ನೆಲವನ್ನು ಆಕ್ರಮಿಸಿದವರೇ. ೧೮೪೮ರಲ್ಲಿ ಯುದ್ಧದಲ್ಲಿ ಸೋತ ಮೆಕ್ಸಿಕೊ ಈ ವಿಶಾಲ ಭೂಭಾಗವನ್ನು ಅಮೆರಿಕಕ್ಕೆ ಬಿಟ್ಟುಕೊಟ್ಟಿತು. ಇಂದು ಅಲ್ಲಿ ಲ್ಯಾಟಿನೊ ಎಂದು ಕರೆಯಲ್ಪಡುವ ಜನರಲ್ಲಿ ಹೆಚ್ಚಿನವರು ಅನಂತರ ಕೆಲಸ ಅರಸಿ ಬಂದವರು, ಅಥವಾ ಅವರ ಮಕ್ಕಳು, ಮೊಮ್ಮಕ್ಕಳು. ೨೦೨೦ರ ಜನಗಣತಿಯಂತೆ ಅವರ ಸಂಖ್ಯೆ ಆರು ಕೋಟಿ ಇಪ್ಪತ್ತು ಲಕ್ಷದಷ್ಟು. ಕ್ಯಾಲಿಫೋರ್ನಿಯದಲ್ಲಿ ನೂರಕ್ಕೆ ೩೯ ಮಂದಿ ಅವರೇ. ಅವರ ಮನೆಮಾತಿನಲ್ಲಿಯೇ ಆ ಬೆಟ್ಟಗಳಿಗೆ ಹೆಸರಿದೆ. ಹೀಗಿದ್ದೂ ಆ ಬೆಟ್ಟಗಳ ಮೇಲೆ ಅವರ ಮಕ್ಕಳ ಹೆಜ್ಜೆಗುರುತು ವಿರಳ. ಹೆಸರು ಹತ್ತಿರವಿದ್ದೂ ನೆಲ ದೂರವಾದ ಈ ಬಗೆಯನ್ನೂ, ಆ ದೂರವನ್ನು ತಗ್ಗಿಸಲು ಅಲ್ಲಿನ ಕೆಲವರು ಮಾಡುತ್ತಿರುವ ಪ್ರಯತ್ನವನ್ನೂ ಕುರಿತು ಇಂದು ನಾಲ್ಕು ಮಾತುಗಳನ್ನು ಹೇಳಬಯಸುತ್ತೇನೆ.

ಇದು ಕೇವಲ ಅನಿಸಿಕೆಯ ಮಾತಲ್ಲ. ೨೦೨೦ರಲ್ಲಿ ಹಿಸ್ಪ್ಯಾನಿಕ್ ಆಕ್ಸೆಸ್ ಫೌಂಡೇಶನ್ ಎಂಬ ಸಂಸ್ಥೆ ಮತ್ತೊಂದು ಅಧ್ಯಯನ ಸಂಸ್ಥೆಯ ಜೊತೆಗೂಡಿ ಒಂದು ವರದಿಯನ್ನು ಪ್ರಕಟಿಸಿತು. ಬಿಳಿಯರಲ್ಲದ ಸಮುದಾಯಗಳಲ್ಲಿ ನೂರಕ್ಕೆ ೭೪ರಷ್ಟು ನಿಸರ್ಗವಂಚಿತ ಪ್ರದೇಶಗಳಲ್ಲಿ ವಾಸಿಸುತ್ತಿವೆ, ಬಿಳಿಯರ ಸಮುದಾಯಗಳಲ್ಲಿ ಈ ಪ್ರಮಾಣ ನೂರಕ್ಕೆ ೨೩ ಮಾತ್ರ ಎಂದು ಅದು ಲೆಕ್ಕಹಾಕಿತು. ಲಾಸ್ ಏಂಜಲೀಸಿನ ಕಾರ್ಮಿಕ ಬಡಾವಣೆಯೊಂದರ ಹುಡುಗನಿಗೆ ಮಳೆ ಬಂದು ತೊಳೆದ ಬೆಳಗ್ಗೆ ಸ್ಯಾನ್ ಗೇಬ್ರಿಯಲ್ ಬೆಟ್ಟ ಕೈಗೆಟಕುವಂತೆ ಕಾಣುತ್ತದೆ. ಆದರೆ ಅಲ್ಲಿಗೆ ಹೋಗಲು ಸ್ವಂತ ಕಾರು ಬೇಕು, ಬಿಡುವು ಬೇಕು, ವಾಹನ ನಿಲ್ಲಿಸಲು ಹಣ ಬೇಕು, ದಾರಿ ತೋರುವವರು ಬೇಕು. ತಂದೆ ವಾರದಲ್ಲಿ ಆರು ದಿನ ದುಡಿಯುವವನಾಗಿ, ತಾಯಿ ಭಾನುವಾರವೂ ಪರರ ಮನೆಯ ಕೆಲಸಕ್ಕೆ ಹೋಗುವವಳಾದರೆ, ಕಣ್ಣೆದುರಿನ ಬೆಟ್ಟ ಕ್ಯಾಲೆಂಡರಿನ ಚಿತ್ರದಂತೆ ಗೋಡೆಯ ಮೇಲೆಯೇ ಉಳಿದುಬಿಡುತ್ತದೆ.

ಬಡತನವೊಂದೇ ಇದಕ್ಕೆ ಕಾರಣವೆಂದು ಮುಗಿಸಿಬಿಡುವಂತಿಲ್ಲ. ಇದರ ಹಿಂದೆ ಒಂದು ಚರಿತ್ರೆಯಿದೆ. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ದಕ್ಷಿಣ ಕ್ಯಾಲಿಫೋರ್ನಿಯದ ಹಲವು ಊರುಗಳ ಸಾರ್ವಜನಿಕ ಈಜುಕೊಳಗಳಲ್ಲಿ ಮೆಕ್ಸಿಕನ್ ಮೂಲದ ಮಕ್ಕಳಿಗೆ ಪ್ರವೇಶವಿದ್ದದ್ದು ವಾರಕ್ಕೆ ಒಂದೇ ದಿನ. ಆ ದಿನ ಯಾವುದು ಗೊತ್ತೆ? ಕೊಳದ ನೀರನ್ನು ಖಾಲಿಮಾಡಿ ಹೊಸ ನೀರು ತುಂಬುವ ಮುನ್ನಾದಿನ. ಮೈಲಿಗೆಯ ಕಲ್ಪನೆ ನಮ್ಮ ನಾಡಿಗಷ್ಟೇ ಮೀಸಲಾದ ಪಾಪವಲ್ಲವೆಂಬುದು ಇಲ್ಲಿ ಮನದಟ್ಟಾಗುತ್ತದೆ. ಸ್ಯಾನ್ ಬರ್ನಾರ್ಡಿನೊ ನಗರದ ಉದ್ಯಾನ ಮತ್ತು ಈಜುಕೊಳದಿಂದ ತಮ್ಮನ್ನು ಹೊರಗಿಟ್ಟುದರ ವಿರುದ್ಧ ಇಗ್ನಾಸಿಯೊ ಲೋಪೆಸ್ ಎಂಬ ಪತ್ರಿಕಾ ಸಂಪಾದಕರೂ ಅವರ ಸಂಗಡಿಗರೂ ನ್ಯಾಯಾಲಯಕ್ಕೆ ಹೋದರು. ೧೯೪೪ರಲ್ಲಿ ತೀರ್ಪು ಅವರ ಪರವಾಗಿ ಬಂದಿತು. ಕಾನೂನು ಬಾಗಿಲನ್ನು ತೆರೆಯಿತು, ನಿಜ. ಆದರೆ ಅಜ್ಜನನ್ನು ಹೊರಗೆ ನಿಲ್ಲಿಸಿದ ಬಾಗಿಲನ್ನು ಮೊಮ್ಮಗ ತನ್ನದೆಂದು ತಳ್ಳಿಕೊಂಡು ಹೋಗಲು ತೀರ್ಪಿನ ಪ್ರತಿಯಷ್ಟೇ ಸಾಲದು.

ಇನ್ನೊಂದು ಅಂಶವೂ ಇದೆ. ಈ ಜನರಿಗೆ ಬಯಲು, ಬಿಸಿಲು, ಮಣ್ಣು ಅಪರಿಚಿತವಾದುವಲ್ಲ. ಕ್ಯಾಲಿಫೋರ್ನಿಯದ ದ್ರಾಕ್ಷಿತೋಟಗಳಲ್ಲಿ, ತರಕಾರಿ ಹೊಲಗಳಲ್ಲಿ ಬಾಗಿದ ಬೆನ್ನು ಅವರದೇ. ನಿಸರ್ಗ ಅವರಿಗೆ ದುಡಿಮೆಯ ತಾಣವಾಗಿತ್ತು. ಅದೂ ವಿಷ ಸಿಂಪಡಿಸಿದ ತಾಣ. ೧೯೬೫ರಲ್ಲಿ ಡೆಲಾನೊ ಎಂಬಲ್ಲಿ ಫಿಲಿಪಿನೊ ಕಾರ್ಮಿಕರು ಆರಂಭಿಸಿ ಮೆಕ್ಸಿಕನ್ ಕಾರ್ಮಿಕರು ಕೈಗೂಡಿಸಿದ ದ್ರಾಕ್ಷಿತೋಟದ ಮುಷ್ಕರ ೧೯೭೦ರವರೆಗೆ ನಡೆಯಿತು. ಕೊನೆಗೆ ಆದ ಒಪ್ಪಂದಗಳಲ್ಲಿ ಕೂಲಿಯ ಮಾತಿನೊಡನೆ ಡಿಡಿಟಿಯಂಥ ವಿಷಗಳ ನಿಷೇಧದ ಮಾತೂ ಸೇರಿತ್ತು. ಅಮೆರಿಕದ ಸರ್ಕಾರ ಡಿಡಿಟಿಯನ್ನು ನಿಷೇಧಿಸಿದ್ದು ೧೯೭೨ರಲ್ಲಿ. ಪರಿಸರ ಸಂರಕ್ಷಣೆಯ ಇತಿಹಾಸವನ್ನು ಬರೆಯುವವರು ಕಾಡಿನ ಮೌನವನ್ನು ವರ್ಣಿಸಿದ ಲೇಖಕರನ್ನು ಗೌರವದಿಂದ ನೆನೆಯುತ್ತಾರೆ. ಈ ಕೂಲಿಗಾರರನ್ನು ನೆನೆಯುವುದು ಕಡಿಮೆ.

ಹಾಗೆಯೇ ನಿಸರ್ಗವನ್ನು ಸವಿಯುವ ಕ್ರಮವೂ ಎಲ್ಲರಿಗೂ ಒಂದೇ ಅಲ್ಲ. ೧೯೬೪ರ ಅಮೆರಿಕದ ವನ್ಯಪ್ರದೇಶ ಕಾಯಿದೆ ಮನುಷ್ಯನನ್ನು ಕಾಡಿಗೆ ಬಂದುಹೋಗುವ, ನೆಲೆನಿಲ್ಲದ ಅತಿಥಿಯೆಂದು ಕಲ್ಪಿಸಿತು. ಒಬ್ಬಂಟಿಯಾಗಿ, ಬೆನ್ನಿಗೆ ಚೀಲ ಕಟ್ಟಿಕೊಂಡು, ಮಾತಿಲ್ಲದೆ ನಡೆಯುವ ಯಾತ್ರಿಕನೇ ಆ ಪರಂಪರೆಯ ಆದರ್ಶ. ಲ್ಯಾಟಿನೊ ಕುಟುಂಬ ಬೆಟ್ಟದ ತಪ್ಪಲಿಗೆ ಬರುವ ರೀತಿಯೇ ಬೇರೆ. ಅಜ್ಜಿ, ಚಿಕ್ಕಪ್ಪ, ಸೋದರತ್ತೆ, ತೊಟ್ಟಿಲ ಕೂಸು ಎಲ್ಲರೂ ಬರಬೇಕು, ಒಲೆ ಹೊತ್ತಿಸಿ ಅಡುಗೆಯಾಗಬೇಕು, ಮಕ್ಕಳು ಹೊಳೆಗಿಳಿಯಬೇಕು. ನಾಲ್ಕಾರು ಮಂದಿಗೆಂದು ಹಾಕಿದ ಊಟದ ಮೇಜು ಇಂಥ ಕುಟುಂಬಕ್ಕೆ ಸಾಕಾಗುವುದೆಂತು? ಫಲಕಗಳು ಇಂಗ್ಲಿಷಿನಲ್ಲಿವೆ. ವನಪಾಲಕನ ಸಮವಸ್ತ್ರವೋ ಗಡಿ ಕಾಯುವ ಪೊಲೀಸನ ಉಡುಪನ್ನು ನೆನಪಿಸುತ್ತದೆ. ಇವರಿಗೆ ನಿಸರ್ಗದಲ್ಲಿ ಆಸಕ್ತಿಯಿಲ್ಲ ಎಂದು ಹೇಳುವುದು ಸುಲಭ. ಆಮಂತ್ರಣವನ್ನು ಯಾರ ಹೆಸರಿಗೆ ಬರೆಯಲಾಗಿತ್ತು ಎಂದು ಕೇಳುವುದು ಕಷ್ಟ.

ಆಮಂತ್ರಣಕ್ಕೆ ಕಾಯದೆ ತಾವೇ ನಿಸರ್ಗವನ್ನು ಕಟ್ಟಿಕೊಂಡವರ ಕಥೆಯೂ ಉಂಟು. ಸ್ಯಾನ್ ಡಿಯೇಗೊ ನಗರದ ಲೋಗನ್ ಬಡಾವಣೆಯನ್ನು ಮೊದಲು ಹೆದ್ದಾರಿಯೊಂದು ಸೀಳಿತು. ೧೯೬೯ರಲ್ಲಿ ದೊಡ್ಡ ಸೇತುವೆಯೊಂದರ ಕಂಬಗಳು ಮನೆಗಳ ನಡುವೆ ಎದ್ದು ನಿಂತವು. ಸೇತುವೆಯ ಕೆಳಗಿನ ನೆಲದಲ್ಲಿ ಉದ್ಯಾನವಾಗುವುದೆಂಬ ಭರವಸೆ ಜನರಿಗೆ ದೊರೆತಿತ್ತು. ಆದರೆ ೧೯೭೦ರ ಏಪ್ರಿಲ್ ೨೨ರಂದು ಅಲ್ಲಿಗೆ ಬಂದದ್ದು ಹೆದ್ದಾರಿ ಪೊಲೀಸರ ಠಾಣೆ ಕಟ್ಟುವ ಯಂತ್ರಗಳು. ವಿದ್ಯಾರ್ಥಿಗಳು, ತಾಯಂದಿರು, ಮಕ್ಕಳು ಯಂತ್ರಗಳೆದುರು ಕೈಕೈ ಹಿಡಿದು ನಿಂತರು. ಹನ್ನೆರಡು ದಿನ ನೆಲ ಬಿಟ್ಟು ಕದಲದೆ ಗಿಡ ನೆಟ್ಟರು. ಕೊನೆಗೆ ಅದು ಚಿಕಾನೊ ಪಾರ್ಕ್ ಆಯಿತು. ಸೇತುವೆಯ ಕಾಂಕ್ರೀಟು ಕಂಬಗಳೆಲ್ಲ ಭಿತ್ತಿಚಿತ್ರಗಳಾದವು. ೨೦೧೬ರಲ್ಲಿ ರಾಷ್ಟ್ರೀಯ ಐತಿಹಾಸಿಕ ಸ್ಮಾರಕವೆಂಬ ಮನ್ನಣೆಯೂ ಸಂದಿತು. ೧೯೭೦ರ ಏಪ್ರಿಲ್ ೨೨ ಎಂದರೆ ಅಮೆರಿಕದಾದ್ಯಂತ ಮೊಟ್ಟಮೊದಲ ಭೂಮಿ ದಿನವನ್ನು ಆಚರಿಸಿದ ದಿನವೂ ಹೌದು. ಅಂದು ಭೂಮಿಯನ್ನು ಕುರಿತ ಭಾಷಣಗಳು ಅನೇಕ ಕಡೆ ನಡೆದವು. ಲೋಗನ್ ಬಡಾವಣೆಯಲ್ಲಿ ನಡೆದದ್ದು ಒಂದು ತುಂಡು ಭೂಮಿಗಾಗಿ ಹೋರಾಟ.

ಇತ್ತೀಚಿನ ಪ್ರಯತ್ನಗಳಲ್ಲಿ ಮುಖ್ಯವಾದುದು ಲ್ಯಾಟಿನೊ ಔಟ್‌ಡೋರ್ಸ್ ಎಂಬ ಬಳಗ. ೨೦೧೩ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಹೊಸೆ ಗೊನ್ಸಾಲೆಸ್ ಎಂಬ ಶಿಕ್ಷಕರು ಇದನ್ನು ಸ್ಥಾಪಿಸಿದರು. ಈಗ ಹಲವು ರಾಜ್ಯಗಳಲ್ಲಿ ಸ್ವಯಂಸೇವಕರು ಇದನ್ನು ನಡೆಸುತ್ತಾರೆ. ಇವರ ವಿಧಾನ ಸರಳ. ಮಗುವೊಂದನ್ನೇ ಕರೆಯದೆ ಇಡೀ ಕುಟುಂಬವನ್ನು ಕರೆಯುತ್ತಾರೆ. ದಾರಿಯುದ್ದಕ್ಕೂ ಎರಡು ಭಾಷೆಗಳಲ್ಲಿಯೂ ಮಾತು ನಡೆಯುತ್ತದೆ. ಎತ್ತರ ಏರುವ ಸ್ಪರ್ಧೆಯಿಲ್ಲ. ಹೀಗೆ ನಡೆಯುವಾಗ ಕಳ್ಳಿಯ ಗಿಡವನ್ನು ಕಂಡ ಅಜ್ಜಿ, ಊರಿನಲ್ಲಿ ಅದರ ಎಲೆಯನ್ನು ಮುಳ್ಳು ಸವರಿ ಬೇಯಿಸುತ್ತಿದ್ದ ಬಗೆಯನ್ನು ಹೇಳತೊಡಗಿದರೆ, ಮಾರ್ಗದರ್ಶಕನೇ ಕೇಳುಗನಾಗುತ್ತಾನೆ. ಈ ಜನ ನಿಸರ್ಗದ ವಿಷಯದಲ್ಲಿ ಬರಿಗೈಯವರಲ್ಲ, ಅವರ ಬಳಿ ತಮ್ಮದೇ ಅರಿವಿನ ಬುತ್ತಿಯಿದೆ ಎಂಬ ನಂಬಿಕೆ ಇಡೀ ಕಾರ್ಯಕ್ರಮದ ತಳಹದಿ. ಕಲಿಸಲು ಹೊರಟವರು ಎದುರಿಗಿರುವವರನ್ನು ಖಾಲಿ ಪಾತ್ರೆಯೆಂದು ಭಾವಿಸದಿರುವುದು ಎಷ್ಟು ಅಗತ್ಯವೆಂಬುದನ್ನು, ಅಧ್ಯಾಪನ ವೃತ್ತಿಯಲ್ಲಿ ಬಹುಕಾಲ ಕಳೆದ ನಾನು ಒತ್ತಿ ಹೇಳಬಲ್ಲೆ.

ಈ ಬಳಗದವರು ತಮ್ಮ ಸದಸ್ಯರ ಅನುಭವಕಥನಗಳನ್ನು ಸಂಗ್ರಹಿಸಿ ಪ್ರಕಟಿಸುತ್ತಾರೆ. ಆ ಮಾಲೆಗೆ ಅವರಿಟ್ಟ ಹೆಸರು 'ಯೊ ಕ್ವೆಂತೊ'. ಸ್ಪ್ಯಾನಿಷಿನಲ್ಲಿ ಇದಕ್ಕೆ ಎರಡು ಅರ್ಥ: ನಾನು ಕಥೆ ಹೇಳುತ್ತೇನೆ ಎಂಬುದೊಂದು, ನಾನೂ ಲೆಕ್ಕಕ್ಕೆ ಬರುತ್ತೇನೆ ಎಂಬುದು ಇನ್ನೊಂದು. ನಮ್ಮ 'ಎಣಿಸು' ಧಾತುವಿನಲ್ಲಿ ಲೆಕ್ಕಹಾಕುವುದೂ ಭಾವಿಸುವುದೂ ಕೂಡಿಕೊಂಡಿರುವುದನ್ನು ಬಲ್ಲ ಕನ್ನಡಿಗರಿಗೆ ಈ ಶ್ಲೇಷೆಯ ಸೊಗಸು ಬೇಗ ಹಿಡಿಸುತ್ತದೆ. ತನ್ನ ಕಥೆಯನ್ನು ತಾನು ಹೇಳಲಾರದವನನ್ನು ಲೋಕ ಎಣಿಕೆಗೆ ತೆಗೆದುಕೊಳ್ಳುವುದಿಲ್ಲ. ಈ ಸತ್ಯವನ್ನು ಎರಡು ಪದಗಳಲ್ಲಿ ಅಡಗಿಸಿದ ಅವರ ಜಾಣ್ಮೆ ಮೆಚ್ಚತಕ್ಕದ್ದು.

ಸರ್ಕಾರಗಳೂ ಸುಮ್ಮನಿರಲಿಲ್ಲ. ೨೦೧೨ರಲ್ಲಿ ನ್ಯೂ ಮೆಕ್ಸಿಕೊದ ಆಲ್ಬುಕರ್ಕಿ ನಗರದ ಅಂಚಿನಲ್ಲಿ, ಹಿಂದೆ ಹೈನುಗಾರಿಕೆ ನಡೆದಿದ್ದ ಜಮೀನಿನಲ್ಲಿ, ವಾಯೆ ದೆ ಓರೊ ಎಂಬ ವನ್ಯಜೀವಿಧಾಮ ಸ್ಥಾಪಿತವಾಯಿತು. ೨೦೧೪ರಲ್ಲಿ ಸ್ಯಾನ್ ಗೇಬ್ರಿಯಲ್ ಬೆಟ್ಟಗಳ ಸುಮಾರು ೩,೪೬,೦೦೦ ಎಕರೆ ರಾಷ್ಟ್ರೀಯ ಸ್ಮಾರಕವೆಂದು ಘೋಷಿತವಾಯಿತು. ೨೦೨೪ರಲ್ಲಿ ಇನ್ನೂ ಒಂದು ಲಕ್ಷ ಎಕರೆಗಿಂತ ಹೆಚ್ಚು ಸೇರಿತು. ೨೦೧೫ರಲ್ಲಿ ನಾಲ್ಕನೆಯ ತರಗತಿಯ ಮಕ್ಕಳಿಗೂ ಅವರ ಕುಟುಂಬಕ್ಕೂ ರಾಷ್ಟ್ರೀಯ ಉದ್ಯಾನಗಳಿಗೆ ಉಚಿತ ಪ್ರವೇಶ ನೀಡುವ ಯೋಜನೆ ಬಂದಿತು. ೨೦೧೯ರಲ್ಲಿ ನ್ಯೂ ಮೆಕ್ಸಿಕೊ ಮತ್ತು ಕ್ಯಾಲಿಫೋರ್ನಿಯ ರಾಜ್ಯಗಳು ಬಡ ಮಕ್ಕಳನ್ನು ಬಯಲಿಗೆ ಕರೆದೊಯ್ಯುವ ಸಂಸ್ಥೆಗಳಿಗೆ ಅನುದಾನ ನೀಡಲು ಕಾನೂನು ಮಾಡಿದವು. ಇವೆಲ್ಲಕ್ಕಿಂತ ನನ್ನ ಮನಸ್ಸಿಗೆ ಹತ್ತಿರವಾದುದು ೨೦೨೨ರಲ್ಲಿ ಕ್ಯಾಲಿಫೋರ್ನಿಯ ಆರಂಭಿಸಿದ ಕ್ರಮ. ಅಲ್ಲಿನ ಸಾರ್ವಜನಿಕ ಗ್ರಂಥಾಲಯಗಳು ಪುಸ್ತಕ ಎರವಲು ಕೊಡುವಂತೆಯೇ ರಾಜ್ಯೋದ್ಯಾನಗಳ ಪ್ರವೇಶಪತ್ರವನ್ನೂ ಎರವಲು ಕೊಡತೊಡಗಿದವು. ಓದುಗ ಒಂದು ಕೈಯಲ್ಲಿ ಪುಸ್ತಕವನ್ನೂ ಇನ್ನೊಂದು ಕೈಯಲ್ಲಿ ಅರಣ್ಯವನ್ನೂ ಹಿಡಿದು ಮನೆಗೆ ಹೋಗುವ ಈ ಕಲ್ಪನೆಯನ್ನು ಮಾಡಿದ ಅಧಿಕಾರಿ ಯಾರೋ, ಅವನೊಳಗೆ ಒಬ್ಬ ಕವಿಯಿದ್ದಾನೆ.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರಿಸಬೇಕು. ಕೂಲಿ, ಮನೆ, ಆಸ್ಪತ್ರೆಗಳ ಚಿಂತೆಯಲ್ಲಿರುವವರಿಗೆ ಬೆಟ್ಟ ಹತ್ತುವುದು ಯಾವ ದೊಡ್ಡ ವಿಷಯ? ಉಳ್ಳವರ ವಿನೋದವನ್ನು ಇಲ್ಲದವರ ಹಕ್ಕೆಂದು ಏಕೆ ಹೊಗಳಬೇಕು? ಪ್ರಶ್ನೆ ಸಾಧುವಾದುದೇ. ಆದರೆ ಮರದ ನೆರಳಿಲ್ಲದ ಬಡಾವಣೆಯಲ್ಲಿ ಬೇಸಗೆ ಹೆಚ್ಚು ಸುಡುತ್ತದೆ. ಹೆದ್ದಾರಿಯ ಪಕ್ಕದ ಮನೆಯ ಮಗು ಉಬ್ಬಸದಿಂದ ಹೆಚ್ಚು ಬಳಲುತ್ತದೆ. ಗಾಳಿ ನೆರಳುಗಳು ವಿನೋದವಲ್ಲ. ಇದಲ್ಲದೆ, ಮುಂದಿನ ತಲೆಮಾರಿನಲ್ಲಿ ಈ ಕಾಡುಗಳು ಉಳಿಯಬೇಕೋ ಬೇಡವೋ ಎಂದು ಮತ ಹಾಕುವವರು ಈ ಮಕ್ಕಳೇ. ಒಮ್ಮೆಯೂ ಕಾಲಿಡದ ಕಾಡನ್ನು ಉಳಿಸಲು ಯಾರು ತಾನೆ ಕೈಯೆತ್ತುತ್ತಾರೆ?

ಇಷ್ಟೆಲ್ಲ ಪ್ರಯತ್ನದ ಮೇಲೂ ಒಂದು ನೆರಳು ಕವಿದಿದೆ. ೨೦೨೫ರ ಜುಲೈ ೭ರಂದು ಲಾಸ್ ಏಂಜಲೀಸಿನ ವಲಸಿಗರ ಬಡಾವಣೆಯ ನಡುವಿರುವ ಮಕಾರ್ಥರ್ ಪಾರ್ಕಿಗೆ, ವಲಸೆ ಕಾನೂನಿನ ಹೆಸರಿನಲ್ಲಿ, ಕೇಂದ್ರ ಸರ್ಕಾರದ ಶಸ್ತ್ರಸಜ್ಜಿತ ಸಿಬ್ಬಂದಿ ಕುದುರೆಗಳನ್ನೇರಿ, ಸೇನಾವಾಹನಗಳಲ್ಲಿ ಬಂದಿಳಿದರು. ರಜೆಯ ಶಿಬಿರದಲ್ಲಿ ಆಡುತ್ತಿದ್ದ ಮಕ್ಕಳನ್ನು ಕಟ್ಟಡದೊಳಗೆ ಕರೆದೊಯ್ಯಬೇಕಾಯಿತು. ಸ್ವಯಂಸೇವಕನೊಬ್ಬ ವರ್ಷಗಟ್ಟಲೆ ದುಡಿದು ಕುಟುಂಬವೊಂದಕ್ಕೆ ಈ ಹುಲ್ಲುಹಾಸು ನಿಮ್ಮದು ಎಂದು ನಂಬಿಸಿರುತ್ತಾನೆ; ಒಂದು ಬೆಳಗ್ಗೆ ಸಾಕು, ಆ ನಂಬಿಕೆ ಚದುರಿಹೋಗಲು. ಕಾನೂನಿನ ಸರಿತಪ್ಪುಗಳನ್ನು ಆ ದೇಶದವರು ವಿಚಾರಿಸಲಿ. ಆದರೆ ಆಟದ ಬಯಲು ಅಂಜಿಕೆಯ ಬಯಲಾದಾಗ ನಷ್ಟ ಯಾರದೆಂಬುದನ್ನು ತಿಳಿಯಲು ಕಾನೂನಿನ ಪಾಂಡಿತ್ಯ ಬೇಕಿಲ್ಲ.

ನ್ಯೂ ಮೆಕ್ಸಿಕೊದ ಸ್ಪ್ಯಾನಿಷಿನಲ್ಲಿ 'ಕೆರೆನ್ಸಿಯ' ಎಂಬ ಒಂದು ಪದವಿದೆ. ಒಲಿ, ಬಯಸು ಎಂಬರ್ಥದ ಧಾತುವಿನಿಂದ ಹುಟ್ಟಿದ್ದು. ಮನುಷ್ಯ ತನ್ನದೆಂದು ಒಲಿದ ನೆಲ, ನಿಂತರೆ ಬಲ ಬರುವ ಜಾಗ ಎಂಬುದು ಅದರ ಭಾವ. ದಸ್ತಾವೇಜು ಬರೆಸಿ ಇದನ್ನು ಪಡೆಯಲು ಬರುವುದಿಲ್ಲ, ಬೇಲಿ ಹಾಕಿ ಉಳಿಸಿಕೊಳ್ಳಲೂ ಬರುವುದಿಲ್ಲ. ಮತ್ತೆ ಮತ್ತೆ ನಡೆದು, ಕುಳಿತು, ಉಂಡು, ಕಥೆ ಹೇಳಿ ಗಳಿಸಬೇಕು. ಭೂಪಟದ ಮೇಲಿನ ಹೆಸರು ಆ ಜನರಿಗೆ ಪೂರ್ವಿಕರ ಮಾತಿನಿಂದ ಬಂದ ಬಳುವಳಿ. ಒಲವನ್ನು ಮಾತ್ರ ಪ್ರತಿಯೊಂದು ಮಗುವೂ ತನ್ನ ಕಾಲಿನಿಂದಲೇ ಸಂಪಾದಿಸಬೇಕಾಗಿದೆ. ಅದಕ್ಕೆ ಬೇಕಾದ ದಾರಿಯನ್ನು ತೆರೆದಿಡುವುದಷ್ಟೇ ಹಿರಿಯರ ಪಾಲಿನ ಕೆಲಸ.