ಹಳೆಯ ಲಾರಿಯ ಕಮಾನು ಪಟ್ಟೆಗಳ ಆರೈಕೆ



ಹೊಲದಲ್ಲಿ ಚೆನ್ನಾಗಿದ್ದ ಟೊಮ್ಯಾಟೊ ಕೋಲಾರದ ಮಾರುಕಟ್ಟೆ ಸೇರುವಷ್ಟರಲ್ಲಿ ಜಜ್ಜಿಹೋದರೆ ಬೆಳೆದವನ ಶ್ರಮ ವ್ಯರ್ಥ. ಇದಕ್ಕೆ ರಸ್ತೆಯೊಂದೇ ಕಾರಣವಲ್ಲ. ಹಳೆಯ ಲಾರಿಯ ಸೋತ ಕಮಾನು ಪಟ್ಟೆಗಳೂ ಕಾರಣ.

ಮೊದಲು ಖಾಲಿ ಲಾರಿಯನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಬೇಕು. ಎಡಬಲ ಚಕ್ರಗಳ ಗಾಳಿ ಸಮನಾಗಿರಬೇಕು. ಆಕ್ಸಲ್‌ನಿಂದ ಚಾಸಿಯ ತಳದವರೆಗಿನ ಎತ್ತರವನ್ನು ನಾಲ್ಕೂ ಕಡೆ ಅಳೆದು ಬರೆದಿಡಬೇಕು. ಎಡಕ್ಕೂ ಬಲಕ್ಕೂ 1 ಅಂಗುಲದಷ್ಟು ವ್ಯತ್ಯಾಸ ಕಂಡರೆ, ತಗ್ಗಿದ ಕಡೆ ಪಟ್ಟೆ ಮುರಿದಿದೆಯೇ, ಬಾಗು ಕಳೆದು ಚಪ್ಪಟೆಯಾಗಿದೆಯೇ, ನಡುವಿನ ಬೋಲ್ಟು ತುಂಡಾಗಿದೆಯೇ ಎಂದು ನೋಡಬೇಕು. ಜಾಕಿಯೊಂದನ್ನೇ ನಂಬಿ ಲಾರಿಯಡಿ ನುಸುಳಬಾರದು.

ಅನೇಕರು ಎತ್ತರಕ್ಕಾಗಿ ಇನ್ನೊಂದೆರಡು ಪಟ್ಟೆ ಸೇರಿಸುವುದುಂಟು. ಇದರಿಂದ ಲಾರಿ ಮೇಲೆದ್ದರೂ ಪಟ್ಟೆಗಳು ಬಿರುಸಾಗಿ, ಕುಲುಕಾಟ ಹೆಚ್ಚುತ್ತದೆ. ಅದರ ಬದಲು ಸೋತ ಪಟ್ಟೆಗಳನ್ನು ಎರಡೂ ಬದಿ ಒಟ್ಟಿಗೆ ಬದಲಿಸುವುದು, ಸವೆದ ಬುಷ್‌ಗಳನ್ನು ತೆಗೆದು ಹೊಸವನ್ನು ಹಾಕಿಸುವುದು, ಶಾಕಲ್ ಪಿನ್ನುಗಳಿಗೆ ಗ್ರೀಸ್ ತುಂಬುವುದು, ಎಣ್ಣೆ ಸೋರುವ ಶಾಕ್ ಅಬ್ಸಾರ್ಬರ್‌ಗಳನ್ನು ಬದಲಿಸುವುದು ಲೇಸು. ಕೆಲಸ ಮುಗಿದ ಮೇಲೆ ಸ್ವಲ್ಪ ದೂರ ಓಡಿಸಿ, ಯು-ಬೋಲ್ಟುಗಳನ್ನು ಮತ್ತೆ ಬಿಗಿ ಮಾಡಿಸಿ, ಎತ್ತರವನ್ನು ಪುನಃ ಅಳೆಯಬೇಕು.

ಮಿತಿಮೀರಿ ಹೇರಿದರೆ ಹೊಸ ಪಟ್ಟೆಯೂ ಬೇಗ ಸೋಲುತ್ತದೆ ಎಂಬುದನ್ನು ಮಾತ್ರ ಮರೆಯಬಾರದು.