ಮಲಬದ್ಧತೆಯೂ ನಮ್ಮ ದಿನಚರಿಯೂ



ನಾಲ್ವರ ಮುಂದೆ ಆಡಲು ಸಂಕೋಚಪಡತಕ್ಕ ವಿಷಯವೊಂದನ್ನು ಈ ಹೊತ್ತು ನಾವು ಎತ್ತಿಕೊಂಡಿದ್ದೇವೆ. ಸಂಕೋಚದಿಂದಲೇ ಬೆಳೆಯುವ ಬಾಧೆ ಇದಾದುದರಿಂದ ಬಿಚ್ಚಿ ಹೇಳುವುದೇ ಮೇಲು.

ದಿನಕ್ಕೊಮ್ಮೆ ಮಲವಿಸರ್ಜನೆಯಾಗದಿದ್ದರೆ ಅದು ರೋಗವೆಂದು ಹಲವರು ಹೆದರುವುದುಂಟು. ದಿನಕ್ಕೆ ಮೂರು ಬಾರಿಯಿಂದ ವಾರಕ್ಕೆ ಮೂರು ಬಾರಿಯವರೆಗೆ ಆಗುವುದು ಆರೋಗ್ಯವಂತರಲ್ಲಿಯೂ ಕಾಣುವ ಪ್ರಕೃತಿಭೇದ. ಅದಕ್ಕೂ ಕಡಿಮೆಯಾದರೆ, ಅಥವಾ ಮಲವು ಗಟ್ಟಿಕಟ್ಟಿ ತಿಣುಕಬೇಕಾಗಿ ಬಂದರೆ, ಅದು ಮಲಬದ್ಧತೆ.

ಇದರ ಮೂಲವು ಸರಳವಾದದ್ದು. ದೊಡ್ಡ ಕರುಳು ಮಲದಲ್ಲಿನ ನೀರನ್ನು ಹೀರುತ್ತಲೇ ಇರುತ್ತದೆ. ಮಲವು ಅಲ್ಲಿ ತಡೆದಷ್ಟೂ ಒಣಗುತ್ತದೆ. ಆಹಾರದ ನಾರು ನೀರನ್ನು ಹಿಡಿದಿಟ್ಟು ಮಲವನ್ನು ಮೃದುವಾಗಿಸಿ ಮುಂದೆ ಸಾಗಿಸುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಕೋಷ್ಟಕಗಳಂತೆ 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರುಂಟು; ಪಾಲಿಷ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಮುದ್ದೆ, ಸೊಪ್ಪಿನ ಸಾರು, ಹುರುಳಿ, ಅವರೆ, ಸೀಬೆಹಣ್ಣು—ಇವು ನಮ್ಮ ಸೀಮೆಯ ಬಡವನ ಮನೆಯಲ್ಲಿಯೂ ಅಪರೂಪವಲ್ಲ. ಆದರೆ ನಾರನ್ನು ಒಮ್ಮೆಲೇ ಹೆಚ್ಚಿಸಿದರೆ ಹೊಟ್ಟೆ ಉಬ್ಬರಿಸುವುದು. ಕ್ರಮಕ್ರಮವಾಗಿ ಹೆಚ್ಚಿಸಿ, ಜೊತೆಗೆ ಸಾಕಷ್ಟು ನೀರು ಕುಡಿಯತಕ್ಕದ್ದು. ನಿತ್ಯದ ನಡಿಗೆಯೂ ಕರುಳಿನ ಚಲನೆಗೆ ಸಹಾಯಕ.

ಆಹಾರದಷ್ಟೇ ಮುಖ್ಯವಾದುದು ಸಮಯ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಏಳನೆಯ ಅಧ್ಯಾಯವು ಸಹಜವಾದ ವೇಗಗಳನ್ನು ತಡೆಯಬಾರದೆಂದೇ ಆರಂಭವಾಗುತ್ತದೆ. ಬೆಳಗಿನ ಉಪಾಹಾರವಾದೊಡನೆ ದೊಡ್ಡ ಕರುಳು ತಾನಾಗಿ ಚಲಿಸುವುದುಂಟು. ಆ ಗಳಿಗೆಯನ್ನು ಕಚೇರಿಯ ಅವಸರಕ್ಕೆ ಬಲಿಕೊಡಬಾರದು. ಕುಕ್ಕರಗಾಲಿನಲ್ಲಿ ಕೂರುವುದು ಅನುಕೂಲ. ಎತ್ತರದ ಪೀಠವಾದರೆ ಪಾದಗಳ ಕೆಳಗೆ ಸಣ್ಣ ಮಣೆಯಿರಲಿ.

ಮಕ್ಕಳ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಶಾಲೆಯ ಶೌಚಾಲಯ ಶುಚಿಯಿಲ್ಲವೆಂದು, ಬಾಗಿಲಿಗೆ ಅಗುಳಿಯಿಲ್ಲವೆಂದು ಮಗು ತಡೆದುಕೊಳ್ಳುತ್ತದೆ. ಮಲವು ಗಟ್ಟಿಯಾಗಿ ನೋಯಿಸುತ್ತದೆ. ನೋವಿಗೆ ಹೆದರಿ ಮಗು ಇನ್ನಷ್ಟು ತಡೆಯುತ್ತದೆ. ಹೀಗೆ ಹಿಗ್ಗಿದ ಗುದನಾಳಕ್ಕೆ ವೇಗದ ಅರಿವೇ ಕುಂದಿ, ಕಡೆಗೆ ಅರಿಯದೆಯೇ ಬಟ್ಟೆ ಕೊಳೆಯಾಗಬಹುದು. ಅಂಥ ಮಗುವನ್ನು ಗದರಿಸುವುದು ಅನ್ಯಾಯ. ಅದನ್ನು ವೈದ್ಯರಲ್ಲಿಗೆ ಕರೆದೊಯ್ಯಬೇಕು. ಶಾಲೆಯ ಬಾಗಿಲಿಗೆ ಅಗುಳಿ ಹಾಕಿಸುವುದು ಹಿರಿಯರ ಹೊಣೆ.

ತಿಂಗಳಿಗೊಮ್ಮೆ ಹರಳೆಣ್ಣೆ ಕುಡಿಸಿ ಹೊಟ್ಟೆ ತೊಳೆಯುವ ವಾಡಿಕೆಯನ್ನೂ ಬಿಡತಕ್ಕದ್ದು. ಭೇದಿಯಾಗಿ ಬರಿದಾದ ಕರುಳು ಮತ್ತೆ ತುಂಬಲು ಒಂದೆರಡು ದಿನ ಬೇಕು. ಅದನ್ನೇ ಮಲಬದ್ಧತೆಯೆಂದು ಬಗೆದು ಮತ್ತೆ ಭೇದಿಗೆ ಕೊಡುವುದು ಕೊನೆಯಿಲ್ಲದ ಚಕ್ರ. ಕಬ್ಬಿಣಾಂಶದ ಮಾತ್ರೆಯಿಂದ ಮಲಬದ್ಧತೆ ಬಂದರೆ, ಗರ್ಭಿಣಿಯರು ತಾವಾಗಿ ಅದನ್ನು ನಿಲ್ಲಿಸದೆ ವೈದ್ಯರಿಗೆ ತಿಳಿಸಲಿ.

ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ವಾಂತಿಯೊಡನೆ ಹೊಟ್ಟೆನೋವು, ವಯಸ್ಸಾದ ಮೇಲೆ ಹೊಸದಾಗಿ ಬಂದ ಬದಲಾವಣೆ—ಇವು ಮನೆಮದ್ದಿನ ಮಾತಲ್ಲ. ಇಂಥಲ್ಲಿ ಲಜ್ಜೆಯಿಂದ ತಡಮಾಡಿದರೆ ಪ್ರಾಣಕ್ಕೇ ಅಪಾಯವುಂಟು. ಉಳಿದವರಿಗೆ ತಟ್ಟೆಯಲ್ಲಿ ಸೊಪ್ಪುಕಾಳು, ಚೆಂಬಿನಲ್ಲಿ ನೀರು, ಬೆಳಗಿನಲ್ಲಿ ಹತ್ತು ನಿಮಿಷದ ಬಿಡುವು—ಇಷ್ಟರಿಂದಲೇ ಬಹುಮಟ್ಟಿಗೆ ಸುಖವುಂಟಾಗುವುದು.