ನೊಂದ ಸೋದರಿಯ ಬಳಿ ನಿಲ್ಲುವ ಧರ್ಮಕೇಂದ್ರ

(ಶತಮಾನೋತ್ಸವದ ಅಂಗವಾಗಿ ಜರುಗಿದ ಕುಟುಂಬ ದಿನಾಚರಣೆಯಲ್ಲಿ ಮಾಡಿದ ಭಾಷಣ)



ನೂರು ವರ್ಷಗಳಿಂದ ಈ ದೇವಾಲಯದ ಪೀಠದ ಮುಂದೆ ನಮ್ಮ ಮನೆತನಗಳ ವಿವಾಹಗಳು ನೆರವೇರಿವೆ. ಆ ವಿವಾಹಗಳ ದಾಖಲೆಯನ್ನು ನಮ್ಮ ಧರ್ಮಕೇಂದ್ರ ಜೋಪಾನವಾಗಿ ಕಾಯ್ದುಕೊಂಡು ಬಂದಿದೆ. ಆದರೆ ವಿವಾಹವಾದ ಮೇಲೆ ಆ ಮನೆಗಳ ಬಾಗಿಲ ಹಿಂದೆ ನಡೆದ ಸಂಕಟಗಳು ಯಾವ ದಾಖಲೆಯಲ್ಲಿಯೂ ಇಲ್ಲ. ಶತಮಾನೋತ್ಸವದ ಈ ಹರ್ಷದ ನಡುವೆ ಆ ಕಾಣದ ಕಣ್ಣೀರನ್ನು ಕುರಿತು ಎರಡು ಮಾತುಗಳನ್ನು ನಿವೇದಿಸುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ 18ರಿಂದ 49 ವರ್ಷ ವಯಸ್ಸಿನ ವಿವಾಹಿತ ಸ್ತ್ರೀಯರಲ್ಲಿ ಶೇಕಡಾ 44ರಷ್ಟು ಮಂದಿ ಪತಿಯಿಂದ ಹಿಂಸೆಗೆ ಒಳಗಾದವರು. ದೇಶದಲ್ಲಿ ಹಿಂಸೆಯನ್ನು ಅನುಭವಿಸಿದವರ ಪೈಕಿ ಸಹಾಯವನ್ನು ಕೋರಿದವರು ಶೇಕಡಾ 14 ಮಾತ್ರ. ಈ ಲೆಕ್ಕದಿಂದ ನಮ್ಮ ಮನೆಗಳು ಹೊರತೆಂದು ಹೇಳುವ ಧೈರ್ಯ ಯಾರಿಗಿದೆ? ಭಾನುವಾರದ ಬಲಿಪೂಜೆಯಲ್ಲಿ ನಮ್ಮ ಪಕ್ಕದಲ್ಲಿಯೇ ಮೊಣಕಾಲೂರಿದ ಸೋದರಿ ಅವರಲ್ಲಿ ಒಬ್ಬಳಾಗಿರಬಹುದು.

ಹೊಡೆತವೊಂದೇ ಹಿಂಸೆಯಲ್ಲ. 2005ರಲ್ಲಿ ಅಂಗೀಕಾರವಾಗಿ 2006ರ ಅಕ್ಟೋಬರ್ 26ರಂದು ಜಾರಿಗೆ ಬಂದ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯಿದೆಯು ದೈಹಿಕ, ಲೈಂಗಿಕ, ಮಾನಸಿಕ ಹಾಗೂ ಆರ್ಥಿಕ ಪೀಡನೆಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿದೆ. ಹೀನಾಯವಾಗಿ ಬೈಯುವುದು, ಮನೆಯ ಖರ್ಚಿಗೆ ಹಣ ಕೊಡದಿರುವುದು, ದುಡಿದ ಕೂಲಿಯನ್ನು ಕಿತ್ತುಕೊಳ್ಳುವುದು ಇವೆಲ್ಲವೂ ಅದರಲ್ಲಿ ಸೇರಿವೆ. ಪತ್ನಿಗೆ ಮಾತ್ರವಲ್ಲದೆ, ಅದೇ ಮನೆಯಲ್ಲಿ ಬಾಳುವ ತಾಯಿಗೂ ಸಹೋದರಿಗೂ ಅದರ ರಕ್ಷಣೆಯುಂಟು.

ಇಂತಹ ಸೋದರಿ ಬಾಯಿಬಿಟ್ಟು ಹೇಳಿಕೊಂಡಾಗ ಲೋಕರೂಢಿಯ ಉತ್ತರವೇನು? "ಹೊಂದಿಕೊಂಡು ಹೋಗಮ್ಮಾ, ಇದು ನಿನ್ನ ಶಿಲುಬೆ" ಎಂಬುದೇ. ಪ್ರಭು ಕ್ರಿಸ್ತರು ಶಿಲುಬೆಯನ್ನು ಸ್ವಇಚ್ಛೆಯಿಂದ ಹೊತ್ತರು. ಒಬ್ಬರು ಇನ್ನೊಬ್ಬರ ಬೆನ್ನ ಮೇಲೆ ಹೊರಿಸುವ ಏಟಿಗೆ ಆ ಪವಿತ್ರ ಹೆಸರು ಸಲ್ಲದು. ಸಂತ ಪೌಲರು ಎಫೆಸಿಯರಿಗೆ ಬರೆದ ಪತ್ರದಲ್ಲಿ ಪತ್ನಿಯ ವಿಧೇಯತೆಯನ್ನು ಹೇಳಿದ ಭಾಗವನ್ನು ಬಾಯಿಪಾಠ ಮಾಡಿದವರು, ಪತಿಯು ಕ್ರಿಸ್ತರಂತೆ ತನ್ನನ್ನೇ ಅರ್ಪಿಸಿಕೊಂಡು ಪತ್ನಿಯನ್ನು ಪ್ರೀತಿಸಬೇಕೆಂಬ ಮುಂದಿನ ಭಾಗವನ್ನೂ ಓದಬೇಕು.

ಧರ್ಮಸಭೆಯ ಬೋಧನೆಯೂ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಪತಿಯಾಗಲಿ ಪತ್ನಿಯಾಗಲಿ ಇನ್ನೊಬ್ಬರ ಮನಸ್ಸಿಗಾಗಲಿ ದೇಹಕ್ಕಾಗಲಿ ಘೋರ ಅಪಾಯವನ್ನು ತಂದೊಡ್ಡಿದಾಗ ಬೇರೆಯಾಗಿ ಬಾಳಲು ನ್ಯಾಯವಾದ ಕಾರಣವುಂಟೆಂದು 1983ರ ಧರ್ಮಸಭಾ ಸಂಹಿತೆಯ 1153ನೆಯ ನಿಯಮ ತಿಳಿಸುತ್ತದೆ. ವಿಳಂಬದಿಂದ ಅಪಾಯವಿದ್ದರೆ ಯಾರ ಅಪ್ಪಣೆಗೂ ಕಾಯದೆ ಹೊರಬರಬಹುದು. ದುರ್ಬಲರನ್ನೂ ಮಕ್ಕಳನ್ನೂ ಹಿಂಸೆಯಿಂದ ಪಾರುಮಾಡಲು ಕೆಲವೊಮ್ಮೆ ಅಗಲಿಕೆ ನೈತಿಕವಾಗಿಯೇ ಅಗತ್ಯವಾಗುತ್ತದೆಂದು ಜಗದ್ಗುರು ಫ್ರಾನ್ಸಿಸ್‌ರವರು 2016ರ 'ಅಮೋರಿಸ್ ಲೆತೀತಿಯಾ' ಪ್ರಬೋಧನೆಯಲ್ಲಿ ತಿಳಿಸಿದರು. ಹೀಗೆ ಬೇರೆಯಾಗಿ ಬಾಳುವ ಸೋದರಿ ಪಾಪಿಷ್ಠೆಯಲ್ಲ. ಆ ಕಾರಣದಿಂದ ಅವಳಿಗೆ ಪರಮಪ್ರಸಾದ ತಪ್ಪುವುದಿಲ್ಲ.

ಮೌನದ ಫಲವನ್ನು ಪವಿತ್ರ ಗ್ರಂಥವೇ ಮರೆಮಾಚದೆ ತಿಳಿಸುತ್ತದೆ. ಸಮುವೇಲನ ಎರಡನೆಯ ಗ್ರಂಥದಲ್ಲಿ ದಾವೀದರಸನ ಮಗಳು ತಾಮಾರಳು ತನ್ನ ಮಲಸಹೋದರನಿಂದಲೇ ಅತ್ಯಾಚಾರಕ್ಕೊಳಗಾದಳು. ಒಡಹುಟ್ಟಿದವನು ಸುಮ್ಮನಿರೆಂದನು; ತಂದೆ ಕೋಪಗೊಂಡನೇ ಹೊರತು ನ್ಯಾಯ ಕೊಡಲಿಲ್ಲ. ಆ ಮನೆತನ ರಕ್ತಪಾತದಲ್ಲಿ ಒಡೆದುಹೋಯಿತು. ಮರ್ಯಾದೆಗಾಗಿ ಮುಚ್ಚಿಟ್ಟ ಅನ್ಯಾಯ ಮರ್ಯಾದೆಯನ್ನೂ ಉಳಿಸಲಿಲ್ಲ.

ಹಾಗಾದರೆ ನಾವು ಮಾಡಬೇಕಾದುದೇನು? ದಯಾಳುವಾದ ಸಮಾರ್ಯದವನ ಸಾಮತಿಯನ್ನು ನೆನೆಯೋಣ. ಅವನು ಗಾಯಗಳನ್ನು ಕಟ್ಟಿದನು. ಬಳಿಕ ಗಾಯಾಳುವನ್ನು ಛತ್ರಕ್ಕೆ ಕರೆತಂದು ಛತ್ರದವನಿಗೆ ಹಣವನ್ನೂ ಕೊಟ್ಟು ಒಪ್ಪಿಸಿದನು. ಮರಳಿ ಬರುವೆನೆಂದೂ ಮಾತುಕೊಟ್ಟನು. ಹತ್ತಿರ ಹೋಗುವುದು, ಬಲ್ಲವರ ಕೈಗೆ ಒಪ್ಪಿಸುವುದು, ಮತ್ತೆ ಬರುವುದು. ಈ ಮೂರೂ ಧರ್ಮಕೇಂದ್ರದ ಕೆಲಸ.

ಹತ್ತಿರ ಹೋಗುವುದೆಂದರೆ ಅವಳ ಮಾತನ್ನು ನಂಬಿ ಕೇಳುವುದು. "ನೀನೇನು ಮಾಡಿದೆ?" ಎಂಬ ಪ್ರಶ್ನೆ ಬೇಡ. ಕೇಳಿದುದನ್ನು ಗೇಟಿನ ಬಳಿ ಹರಟೆಯಾಗಿಸುವುದೂ ಬೇಡ. ಗಂಡನನ್ನು ಎದುರಿಗೆ ಕೂರಿಸಿ ರಾಜಿಪಂಚಾಯಿತಿ ನಡೆಸುವುದಂತೂ ಬೇಡವೇ ಬೇಡ. ಅಲ್ಲಿ ಆಡಿದ ಮಾತಿಗೆ ಅವಳು ರಾತ್ರಿ ಮನೆಯಲ್ಲಿ ಬೆಲೆ ತೆರಬೇಕಾಗುತ್ತದೆ. ಮನೆಬಿಟ್ಟು ಹೊರಡುವ ವೇಳೆ ಅಪಾಯ ಹೆಚ್ಚು. ಆದುದರಿಂದ ಅವಳ ನೆಲೆಯನ್ನು ಯಾರಿಗೂ ತಿಳಿಸಲಾಗದು. ಯಾವಾಗ ಏನು ಮಾಡಬೇಕೆಂಬ ತೀರ್ಮಾನವೂ ಅವಳದೇ ಆಗಿರಲಿ.

ಬಲ್ಲವರ ಕೈಗೆ ಒಪ್ಪಿಸುವುದೆಂದರೆ ವೈದ್ಯರು, ವಕೀಲರು, ಆಪ್ತಸಮಾಲೋಚಕರು, ಅಧಿಕಾರಿಗಳ ಬಳಿಗೆ ಜೊತೆಯಲ್ಲಿ ಹೋಗುವುದು. ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳು ಈ ಕಾಯಿದೆಯ ಸಂರಕ್ಷಣಾಧಿಕಾರಿಗಳು. ಅವರ ಮೂಲಕ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಸಲ್ಲಿಸಬಹುದು. ಮನೆ ಗಂಡನ ಹೆಸರಿನಲ್ಲಿದ್ದರೂ ಅಲ್ಲಿ ವಾಸಿಸುವ ಹಕ್ಕು ಅವಳಿಗುಂಟು. ಆದಾಯವೆಷ್ಟಿದ್ದರೂ ಸ್ತ್ರೀಯರಿಗೆ 1987ರ ಕಾಯಿದೆಯ ಮೇರೆಗೆ ಉಚಿತ ಕಾನೂನು ನೆರವು ದೊರೆಯುತ್ತದೆ. ಸಖಿ ಕೇಂದ್ರಗಳಲ್ಲಿ ಚಿಕಿತ್ಸೆ, ಸಲಹೆ, ತಾತ್ಕಾಲಿಕ ಆಶ್ರಯ ಒಂದೇ ಸೂರಿನಡಿ ಲಭ್ಯ. ಮಹಿಳಾ ಸಹಾಯವಾಣಿ 181, ತುರ್ತಿಗೆ 112.

ಅತ್ಯಾಚಾರಕ್ಕೊಳಗಾದವಳನ್ನು ಮೊದಲು ಆಸ್ಪತ್ರೆಗೆ ಕರೆದೊಯ್ಯಬೇಕು. ಸರ್ಕಾರದ್ದಾಗಲಿ ಖಾಸಗಿಯದಾಗಲಿ, ಯಾವ ಆಸ್ಪತ್ರೆಯೂ ಉಚಿತ ಚಿಕಿತ್ಸೆಯನ್ನು ನಿರಾಕರಿಸುವಂತಿಲ್ಲ. ಎಚ್.ಐ.ವಿ. ಸೋಂಕನ್ನು ತಡೆಯುವ ಔಷಧಿಯನ್ನು 72 ಗಂಟೆಗಳೊಳಗೆ ಆರಂಭಿಸಬೇಕು. ಸಾಧ್ಯವಾದರೆ ಸ್ನಾನ ಮಾಡದೆ, ಬಟ್ಟೆ ಒಗೆಯದೆ ಹೋಗುವುದು ಸಾಕ್ಷ್ಯಕ್ಕೆ ಅನುಕೂಲ. ಮಾಡಿದ್ದರೂ, ದಿನಗಳು ಕಳೆದಿದ್ದರೂ ಹೋಗಲೇಬೇಕು. ಅವಳ ಒಪ್ಪಿಗೆಯಿಲ್ಲದೆ ಪರೀಕ್ಷೆ ಸಲ್ಲದು. ಅವಮಾನಕರವಾದ ಎರಡು ಬೆರಳಿನ ಪರೀಕ್ಷೆಯನ್ನು ನಡೆಸುವುದು ದುರ್ನಡತೆಯೆಂದು ಸರ್ವೋಚ್ಚ ನ್ಯಾಯಾಲಯ 2022ರಲ್ಲಿ ಸಾರಿದೆ.

ನೊಂದವರು ಮಕ್ಕಳಾಗಿದ್ದರೆ ನಮಗೆ ಆಯ್ಕೆಯೇ ಇಲ್ಲ. 2012ರ ಪೋಕ್ಸೋ ಕಾಯಿದೆಯಂತೆ, ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿರುವುದೇ ಅಪರಾಧ. ಆಪಾದಿತನು ಬಂಧುವಾಗಲಿ, ಉಪದೇಶಿಯಾಗಲಿ, ಗುರುವಾಗಲಿ, ಈ ಮಾತು ಬದಲಾಗದು. ಮಕ್ಕಳ ಸಹಾಯವಾಣಿ 1098.

ಕೊನೆಯದು, ಮತ್ತೆ ಬರುವುದು. ಮೊದಲ ವಾರ ನೆರೆದ ಜನ ಆರನೆಯ ತಿಂಗಳಲ್ಲಿ ಕಾಣಿಸರು. ಮೊಕದ್ದಮೆಯಾದರೋ ವರ್ಷಗಟ್ಟಲೆ ನಡೆಯುತ್ತದೆ. ನ್ಯಾಯಾಲಯದ ದಿನ ಮಕ್ಕಳನ್ನು ನೋಡಿಕೊಳ್ಳುವುದು, ಶಾಲೆಯ ಶುಲ್ಕಕ್ಕೆ ನೆರವಾಗುವುದು, ಕೆಲಸ ಹುಡುಕಿಕೊಡುವುದು, ಬೇಕಾದಾಗ ಜ್ಞಾನಸ್ನಾನ ಮತ್ತು ವಿವಾಹದ ಪ್ರಮಾಣಪತ್ರಗಳನ್ನು ತಡವಿಲ್ಲದೆ ಒದಗಿಸುವುದು, ಬಲಿಪೂಜೆಯಲ್ಲಿ ಅವಳ ಪಕ್ಕದಲ್ಲಿ ಕೂರುವುದು, ಇವು ಚಿಕ್ಕ ಕೆಲಸಗಳಾಗಿ ಕಂಡರೂ ಅವಳು ಕಾಲೂರಿ ನಿಲ್ಲುವುದು ಇವುಗಳಿಂದಲೇ. ವಿನ್ಸೆಂಟ್ ಡಿ ಪಾಲ್ ಸಭೆಯವರೂ ಮಹಿಳಾ ಸಂಘದವರೂ ಇವುಗಳನ್ನು ಹಂಚಿಕೊಳ್ಳಬಲ್ಲರು.

ನಮ್ಮ ಹಿರಿಯರು ಕಲ್ಲಿನ ದೇವಾಲಯವನ್ನು ಕಟ್ಟಿಕೊಟ್ಟರು. ನೊಂದ ಸೋದರಿಯು ಅಂಜದೆ ಬಾಗಿಲು ತಟ್ಟಬಲ್ಲ ಧರ್ಮಕೇಂದ್ರವನ್ನು ಮುಂದಿನ ಪೀಳಿಗೆಗೆ ಕಟ್ಟಿಕೊಡುವ ಹೊಣೆ ನಮ್ಮದು. ಶಿಲುಬೆಯ ಬಳಿ ಕದಲದೆ ನಿಂತ ಮಾತೆ ಮರಿಯಮ್ಮನವರು ಅದಕ್ಕೆ ಬೇಕಾದ ಧೈರ್ಯವನ್ನು ನಮಗೆ ದೊರಕಿಸಿಕೊಡಲೆಂದು ಪ್ರಾರ್ಥಿಸುತ್ತ, ನಮ್ಮ ಮಾತುಗಳನ್ನು ಮುಗಿಸುತ್ತೇವೆ.

ಪ್ರಭುವಿಗೆ ಸ್ತೋತ್ರ.